ಬೀಟೆ ಗಿಟಾರ್‌ಗೆ ಯಾವ ಟ್ಯೂನಿಂಗ್ ಕೀ ಹಾಕೋದು? ಹೆಡ್‌ಸ್ಟಾಕ್‌ಗೆ ಇನ್ನೂ ತೂತು ಹೊಡೆದಿಲ್ಲ

ಬೀಟೆಹಲಗೆ:

ನಮಸ್ಕಾರ ಎಲ್ರಿಗೂ. ನಮ್ಮ ಮಾವ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮರದೊಳಗೆ ಚಿತ್ತಾರ ಕೂರಿಸೋ ಇನ್‌ಲೇ ಕೆಲಸ ಮಾಡ್ತಾರೆ. ಅವ್ರ ಹತ್ರ ಚೆನ್ನಾಗಿ ಒಣಗಿದ್ದ ಬೀಟೆ ಹಲಗೆ ಇತ್ತು, ಅದ್ರಲ್ಲಿ ಹಿಂಭಾಗ ಮತ್ತೆ ಸೈಡು ಮಾಡ್ಕೊಂಡು, ಮೇಲ್ಗಡೆಗೆ ಹೊರಗಿಂದ ತರಿಸಿದ ಸ್ಪ್ರೂಸ್, ಕತ್ತಿಗೆ ಮಹಾಗನಿ ಹಾಕಿ ಒಂದು ಓಎಂ (ಆರ್ಕೆಸ್ಟ್ರಾ ಮಾಡೆಲ್) ಸೈಜಿನ ಅಕೂಸ್ಟಿಕ್ ಗಿಟಾರ್ ಮಾಡ್ತಿದೀವಿ. ಮರದ ಕೆಲಸ ಎಲ್ಲ ಮಾವಂದು, ಅಳತೆ ಲೆಕ್ಕಾಚಾರ ನಂದು. ಬಾಡಿ ಮುಗ್ದಿದೆ, ಕತ್ತು ಕೂರಿಸಿದೀವಿ, ಕತ್ತಿನ ತುದಿಲಿ ಕೀ ಕೂರೋ ಹೆಡ್‌ಸ್ಟಾಕ್ ಮುಖಕ್ಕೆ ಬೀಟೆ ಪದರ ಅಂಟಿಸಿ ಸಣ್ಣದೊಂದು ಗಂಡಭೇರುಂಡ ಇನ್‌ಲೇನೂ ಮಾವ ಕೂರಿಸ್ಬಿಟ್ಟಿದಾರೆ, ಅದನ್ನ ನೋಡ್ತಾ ಇದ್ರೆ ಅಲ್ಲಿ ಡ್ರಿಲ್ ಇಡೋಕೇ ಮನಸ್ಸಾಗ್ತಿಲ್ಲ.

ಈಗ ಕೆಲಸ ನಿಂತಿರೋದು ತಂತಿ ಬಿಗಿ ಮಾಡೋ ಕೀ ಹತ್ರ. ಒಂದಿಷ್ಟು ಓದ್ದೆ, ಓದಿದಷ್ಟೂ ತಲೆ ಕೆಡ್ತು. ಗೋಟೋ, ಗ್ರೋವರ್, ಶಾಲರ್, ವೇವರ್ಲಿ ಅಂತ ಹೆಸರುಗಳು, ಅದ್ರಲ್ಲಿ 14:1, 16:1, 18:1, 21:1 ಅಂತ ನಂಬರ್‌ಗಳು. ಒಬ್ರು ಹಿಂದೆ ಗೇರ್ ಕಾಣೋ ಓಪನ್ ಟೈಪೇ ಹಾಕಿ ಅಂತಾರೆ, ಇನ್ನೊಬ್ರು ಮುಚ್ಚಿರೋದೇ ಬೇಕು ಅಂತಾರೆ. ನಂಬರ್ ಜಾಸ್ತಿ ಇದ್ದಷ್ಟೂ ಶ್ರುತಿ ಚೆನ್ನಾಗಿ ನಿಲ್ಲುತ್ತೆ ಅನ್ನೋದು ನಿಜಾನಾ? ತಂತಿನ ಕಚ್ಚಿ ಹಿಡಿಯೋ ಲಾಕಿಂಗ್ ಕೀ ಅಂತ ಬೇರೆ ಇದೆ, ಅದು ಅಕೂಸ್ಟಿಕ್‌ಗೆ ಬೇಕಾ?

ಹೆಡ್‌ಸ್ಟಾಕ್ ಒಂದೊಂದು ಕಡೆ ಮೂರು ಕೀ ಬರೋ ಥರ, ಘನವಾಗಿರೋದು, ಕ್ಲಾಸಿಕಲ್ ಗಿಟಾರ್ ಥರ ಉದ್ದಕ್ಕೆ ಸೀಳಿಲ್ಲ. ಅದ್ರ ದಪ್ಪ, ಮೇಲಿನ ಪದರ ಸೇರಿ, 16.5 ಮಿ.ಮೀ ಇದೆ. ತಂತಿ 12-53 ಸೆಟ್ (ಇಂಚಿನ ಸಾವಿರದ ಲೆಕ್ಕದಲ್ಲಿ ಸಣ್ಣ ತಂತಿ 12, ದಪ್ಪದು 53) ಹಾಕ್ಬೇಕು ಅಂತ ಇದೀವಿ. ದುಡ್ಡು ತೀರಾ ಕಮ್ಮಿ ಮಾಡ್ಬೇಕು ಅಂತೇನಿಲ್ಲ, ಆದ್ರೆ ಹೆಸರಿಗೋಸ್ಕರ ಸುರಿಯೋಕೂ ಇಷ್ಟ ಇಲ್ಲ. ಗೊತ್ತಿರೋರು ಹೇಳಿ.

ಸರಸ್ವತಿಪುರಂ_ತಂತಿ:

ಮೊದಲ್ನೇ ಮಾತು, ಕೀ ಕೈಗೆ ಬರೋವರೆಗೂ ಡ್ರಿಲ್ ಮುಟ್ಬೇಡಿ. ತೂತು ಹೊಡೆಯದೇ ನಿಲ್ಸಿದೀರಲ್ಲ, ಅದೇ ದೊಡ್ಡ ಪುಣ್ಯ. ನನ್ನ ಟೇಬಲ್‌ಗೆ ಬರೋ ಕೈಕೆಲಸದ ಗಿಟಾರ್‌ಗಳಲ್ಲಿ ತುಂಬಾ ಜನ ಮೊದಲು ತೂತು ಹೊಡ್ದು ಆಮೇಲೆ ಕೀ ಹುಡುಕಿರ್ತಾರೆ, ಕೀ ತೂತಲ್ಲಿ ಅಲ್ಲಾಡ್ತಿರುತ್ತೆ, ಅದಕ್ಕೊಂದು ಕಾಗದ ಸುತ್ತಿರ್ತಾರೆ.

ಯಾಕೆ ಹೇಳ್ತಿದೀನಿ ಅಂದ್ರೆ ತೂತಿನ ಅಳತೆ ಎಲ್ಲದಕ್ಕೂ ಒಂದೇ ಅಲ್ಲ. ಮುಚ್ಚಿರೋ ಟೈಪು, ಅಂದ್ರೆ ಗ್ರೋವರ್ ರೋಟೋಮ್ಯಾಟಿಕ್, ಶಾಲರ್ ಎಂ6, ಗೋಟೋ ಎಸ್‌ಜಿ381, ಗೋಟೋ 510 ಇಂಥವಕ್ಕೆಲ್ಲ ಮುಖದ ಕಡೆಯಿಂದ ಮರೆ (ಸ್ಕ್ರೂ ಥರ ಸುತ್ತು) ಇರೋ ಬುಶ್, ಅಂದ್ರೆ ತೂತಲ್ಲಿ ಕೂರೋ ಲೋಹದ ಕೊಳವೆ, ತಿರುಗಿಸಿ ಬಿಗಿ ಮಾಡೋದು, ಅದಕ್ಕೆ 10 ಮಿ.ಮೀ ತೂತು ಬೇಕು. ಹಳೇ ಶೈಲಿಯ ಓಪನ್ ಗೇರ್‌ಗಳಲ್ಲಿ ಬುಶ್‌ನ ಒತ್ತಿ ಕೂರಿಸ್ತಾರೆ, ಅದಕ್ಕೆ ಮುಖದಲ್ಲಿ ಸುಮಾರು 8.7 ಮಿ.ಮೀ ಅಂದ್ರೆ 11/32 ಇಂಚು ಸಾಕು, ಒಳಗೆ ತಂತಿ ಸುತ್ತೋ ಕಂಬ ಹೋಗೋ ದಾರಿ ಕಾಲಿಂಚು. ಸಣ್ಣ ತೂತನ್ನ ನಾಳೆ ದೊಡ್ಡದು ಮಾಡ್ಬಹುದು, ದೊಡ್ಡದನ್ನ ಸಣ್ಣದು ಮಾಡೋಕೆ ಕನ್ವರ್ಷನ್ ಬುಶ್ ಹುಡುಕ್ಬೇಕು, ಅದು ಹೊಸ ಗಿಟಾರ್‌ಗೆ ಹಾಕೋ ಸಾಮಾನಲ್ಲ.

ಎರಡನೇದು ದಪ್ಪ. 16.5 ಜಾಸ್ತಿ ಆಯ್ತು. ಸಾಮಾನ್ಯವಾಗಿ 14-15 ಮಿ.ಮೀ ಆಸುಪಾಸಿಗೆ ಕೀಗಳು ಸರಿ ಕೂರ್ತವೆ. ದಪ್ಪ ಜಾಸ್ತಿ ಇದ್ರೆ ಬುಶ್‌ನ ಮರೆ ಎರಡು ಸುತ್ತು ಹಿಡಿದು ನಿಂತ್ಬಿಡುತ್ತೆ, ತಂತಿ ತೂರಿಸೋ ತೂತೂ ಮುಖಕ್ಕೆ ತೀರಾ ಅಂಟ್ಕೊಂಡಂಗೆ ಇರುತ್ತೆ. ತೀರಾ ತೆಳು ಇದ್ರೆ ಉಲ್ಟಾ ಪಜೀತಿ, ಬುಶ್ ತಳ ಮುಟ್ಟಿದ್ರೂ ಕೀ ಬಿಗಿ ಆಗಲ್ಲ, ವಾಷರ್ ಮೇಲೆ ವಾಷರ್ ಹಾಕ್ಬೇಕು. ಮುಖದಲ್ಲಿ ಗಂಡಭೇರುಂಡ ಕೂತಿದೆ ಅಂದ್ರಲ್ಲ, ಹಂಗಾಗಿ ಹಿಂದ್ಗಡೆಯಿಂದ ಉಜ್ಜೋಕೆ ಮಾವಂಗೆ ಹೇಳಿ, ಕತ್ತು ಶುರುವಾಗೋ ಕಡೆ ಮೆಲ್ಲಗೆ ಇಳಿಜಾರು ಬರ್ಲಿ.

ಮೂರನೇದು ತೂಕ, ಇದನ್ನ ಯಾರೂ ಕೇಳಲ್ಲ. ಓಎಂ ಹಗುರ ಗಿಟಾರ್, ನೀವು ಕೈಯಲ್ಲಿ ಮಾಡಿರೋದು ಇನ್ನೂ ಹಗುರ ಇರುತ್ತೆ. ಅದಕ್ಕೆ ರೋಟೋಮ್ಯಾಟಿಕ್ ಥರದ ದಪ್ಪ ಎರಕದ ಡಬ್ಬಿ ಆರು ಹಾಕಿದ್ರೆ ತಲೆ ಭಾರ ಆಗಿ, ತೊಡೆ ಮೇಲಿಟ್ಟು ಎಡಗೈ ಬಿಟ್ಟ ತಕ್ಷಣ ಕತ್ತು ಕೆಳಗೆ ವಾಲುತ್ತೆ, ಬೆಲ್ಟ್ ಹಾಕ್ಕೊಂಡು ನಿಂತು ನುಡಿಸೋರಿಗಂತೂ ಎಡಗೈಲಿ ಕತ್ತು ಎತ್ತಿ ಹಿಡಿಯೋದೇ ಒಂದು ಕೆಲಸ ಆಗುತ್ತೆ. ಓಪನ್ ಗೇರ್ ಹಗುರ, ಮುಚ್ಚಿರೋದ್ರಲ್ಲೂ ಮಿನಿ ಸೈಜ್ ಬರುತ್ತೆ.

ಹೆಸರು ಹೇಳ್ಬೇಕು ಅಂದ್ರೆ ಗೋಟೋ 510, ಅದ್ರಲ್ಲೂ ಮಿನಿ, 18:1. ಜಪಾನ್‌ದು. ಅಷ್ಟು ಬೇಡ ಅಂದ್ರೆ ಎಸ್‌ಜಿ381, ಅದು 16:1. ಅದೂ ಗೋಟೋದೇ, ಸಾಕಷ್ಟು ಕಮ್ಮಿ ಬೆಲೆ. ವೇವರ್ಲಿ ಚೆಂದ, ಅದ್ರಲ್ಲಿ ಎರಡು ಮಾತಿಲ್ಲ, 16:1, ಓಪನ್ ಗೇರ್, ಕೆಲಸಗಾರಿಕೆ ನೋಡಿದ್ರೆ ವಾಚ್ ನೋಡ್ದಂಗಿರುತ್ತೆ, ಆದ್ರೆ ಅಮೆರಿಕದಲ್ಲೇ 200 ಡಾಲರ್ ಮೇಲೆ, ಅದ್ರ ಮೇಲೆ ನಮ್ಮ ಕಸ್ಟಮ್ಸು. ನೀವೇ ಹೇಳಿದೀರ ಹೆಸರಿಗೆ ಸುರಿಯಲ್ಲ ಅಂತ.

ಮಂಡ್ಯ_ಸ್ಟ್ರಮ್:

ಅಣ್ಣೋ ಅಷ್ಟೊಂದ್ ದುಡ್ಡು ಕೀಗೆ ಹಾಕ್ಬ್ಯಾಡಿ. ನಂದು ಅಂಗಡಿಲಿ ತಗಂಡಿರೋ ಮಾಮೂಲಿ ಗಿಟಾರು, ಹೆಸರೇ ಇಲ್ದಿರೋ ಕೀ ಐತೆ ಅದ್ಕೆ, ಶ್ರುತಿ ನಿಲ್ತಾ ಇರ್ಲಿಲ್ಲ, ಎಲ್ರೂ ಕೀ ಬದ್ಲಾಯ್ಸು ಕೀ ಬದ್ಲಾಯ್ಸು ಅಂದ್ರು. ಒಬ್ರು ರಿಪೇರಿಯವ್ರ ಹತ್ರ ತಗಂಡೋದ್ರೆ ಅವ್ರು ಕೀ ಮುಟ್ಲೇ ಇಲ್ಲ ಕಣಣ್ಣ, ನಟ್ ಹತ್ರ, ಅದೇ ಕತ್ತಿನ ತುದಿಲಿ ತಂತಿ ಹಾಯೋ ಪಟ್ಟಿ, ಅದ್ರಲ್ಲಿ ತಂತಿ ಕೂರೋ ಗಾಡಿ (ಸಣ್ಣ ಗೀರು) ಐತಲ್ಲ ಅದನ್ನ ಸಣ್ಣ ಅರದಲ್ಲಿ ಒಸಿ ತೀಡಿ, ಪೆನ್ಸಿಲ್ ಸೀಸ ಉಜ್ಜಿ ಕೊಟ್ರು, ಅಷ್ಟೇ. ಈಗ ಒಂದ್ಸಲ ಟ್ಯೂನ್ ಮಾಡಿದ್ರೆ ಹಬ್ಬದ ಆರ್ಕೆಸ್ಟ್ರಾ ಪೂರ್ತಿ ನುಡಿಸ್ಬುಟ್ಟು ಬತ್ತೀನಿ. ಬೋನ್ ನಟ್ ಹಾಕ್ಸಿ ಗಾಡಿ ಸರ್ಯಾಗಿ ತೀಡ್ಸಿ, ಕೀ ಯಾವ್ದಾದ್ರೂ ಆಯ್ತದೆ. ನಂಬರ್ ಗಿಂಬರ್ ಎಲ್ಲ ಮಾರೋರ ಕತೆ.

ಲೇತ್_ಹೆಬ್ಬಾಳ:

ಮಂಡ್ಯದ ತಮ್ಮ ಹೇಳಿದ್ದು ಮುಕ್ಕಾಲು ಸರಿ, ಕಾಲು ತಪ್ಪು. ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮೇಲೆ ಜೀವನ ಕಳೆದವನು, ಗಿಟಾರ್ ನಿವೃತ್ತಿ ಆದ್ಮೇಲೆ ಹಿಡ್ಕೊಂಡಿರೋದು, ನುಡಿಸೋದು ಅಷ್ಟಕ್ಕಷ್ಟೇ, ಗೇರ್ ಮಾತ್ರ ಗೊತ್ತು.

ಕೀ ಒಳಗಿರೋದು ವರ್ಮ್ ಗೇರು. ಬೆರಳಲ್ಲಿ ಹಿಡಿಯೋ ಬಟನ್ ತಿರುಗಿಸಿದ್ರೆ ಸುರುಳಿ ಹಲ್ಲಿನ ದಂಡ ತಿರುಗುತ್ತೆ, ಅದು ಕಂಬದ ಬುಡದಲ್ಲಿರೋ ಚಕ್ರ ತಿರುಗಿಸುತ್ತೆ. ಇದ್ರ ಗುಣ ಏನಪ್ಪಾ ಅಂದ್ರೆ ದಂಡ ಚಕ್ರನ ತಿರುಗಿಸ್ಬಹುದು, ಚಕ್ರ ದಂಡನ ತಿರುಗಿಸೋಕಾಗಲ್ಲ. ನೀವು ಹೇಳೋ 12-53 ಸೆಟ್ಟು ಶ್ರುತಿಗೆ ಬಂದಾಗ ಆರೂ ತಂತಿ ಸೇರಿ 70 ಕೆಜಿ ಮೇಲೆ ಎಳೀತವೆ, ಆದ್ರೂ ಸವೀದಿರೋ ಕೀ ತಾನಾಗೇ ಹಿಂದಕ್ಕೆ ತಿರುಗಲ್ಲ. ಅದಕ್ಕೇ ಶ್ರುತಿ ಇಳೀತು ಅಂದ ತಕ್ಷಣ ಕೀ ಜಾರ್ತಿದೆ ಅಂತ ಹೇಳೋದು ಸಾಮಾನ್ಯವಾಗಿ ಸುಳ್ಳು. ತಂತಿ ಹೊಸದಾಗಿದ್ರೆ ಹಿಗ್ಗುತ್ತೆ, ಕಂಬಕ್ಕೆ ಸುತ್ತಿರೋದು ಸಡಿಲ ಇದ್ರೆ ಬಿಗಿ ಆಗ್ತಾ ಹೋಗುತ್ತೆ, ನಟ್‌ನಲ್ಲಿ ಸಿಕ್ಕಾಕ್ಕೊಳುತ್ತೆ. ಟ್ಯೂನ್ ಮಾಡೋವಾಗ ಬಟನ್ ತಿರುಗಿಸಿದ್ರೂ ಏನೂ ಆಗ್ದೆ ಆಮೇಲೆ ಒಂದೇ ಸಲ ಟಿಕ್ ಅಂತ ಸದ್ದಾಗಿ ಶ್ರುತಿ ಹಾರ್ತು ಅಂದ್ರೆ ಅದು ನಟ್ ಕೆಲಸ. ಇಲ್ಲಿವರೆಗೂ ತಮ್ಮ ಸರಿ.

ತಪ್ಪು ಎಲ್ಲಿ ಅಂದ್ರೆ "ಯಾವ್ದಾದ್ರೂ ಆಯ್ತದೆ" ಅನ್ನೋದು. ಕಳಪೆ ಕೀಯಲ್ಲಿ ದಂಡಕ್ಕೂ ಚಕ್ರಕ್ಕೂ ಮಧ್ಯೆ ಸಂದು ಇರುತ್ತೆ, ನಾವು ಅದನ್ನ ಪ್ಲೇ ಅಂತೀವಿ. ಬಟನ್ ಹಿಂದಕ್ಕೆ ತಿರುಗಿಸಿದಾಗ ಕಾಲು ಸುತ್ತು ಸುಮ್ನೆ ಹೋಗುತ್ತೆ, ಕಂಬ ಅಲ್ಲಾಡಲ್ಲ. ಆ ಸಂದಲ್ಲಿ ನೀವು ಶ್ರುತಿ ನಿಲ್ಸಿದ್ರೆ ತಂತಿ ಅದನ್ನ ಎಳ್ಕೊಂಡು ತುಂಬ್ಕೊಳುತ್ತೆ, ಅಷ್ಟು ಇಳಿದು ಹೋಯ್ತು. ಇದಕ್ಕೇ ಯಾವಾಗ್ಲೂ ಕೆಳಗಿಂದ ಮೇಲಕ್ಕೆ ಬಂದು ಶ್ರುತಿ ನಿಲ್ಸಬೇಕು, ಮೇಲೆ ಹೋದ್ರೆ ಪೂರ್ತಿ ಇಳ್ಸಿ ಮತ್ತೆ ಹತ್ತಬೇಕು. ಒಳ್ಳೆ ಕೀಯಲ್ಲಿ ಈ ಸಂದು ಬೆರಳಿಗೆ ಗೊತ್ತೇ ಆಗಲ್ಲ, ಆರೂ ಬಟನ್ ಒಂದೇ ಬಿಗಿಯಲ್ಲಿ ತಿರುಗ್ತವೆ, ಒಂದು ಸುತ್ತಲ್ಲಿ ಅರ್ಧ ಸಡಿಲ ಅರ್ಧ ಬಿಗಿ ಅಂತ ಇರಲ್ಲ. ದುಡ್ಡು ಕೊಡೋದು ಇದಕ್ಕೆ.

ಇನ್ನು ನಂಬರು. 18:1 ಅಂದ್ರೆ ಬಟನ್ ಹದಿನೆಂಟು ಸುತ್ತು ತಿರುಗಿದ್ರೆ ಕಂಬ ಒಂದು ಸುತ್ತು. ಕಂಬ 6 ಮಿ.ಮೀ ದಪ್ಪ ಅನ್ಕೊಳ್ಳಿ, ಸುತ್ತಳತೆ ಹತ್ತಿರ ಹತ್ತಿರ 19 ಮಿ.ಮೀ ಆಯ್ತು, ಬಟನ್ ಒಂದು ಸುತ್ತಿಗೆ ಸುಮಾರು 1 ಮಿ.ಮೀ ತಂತಿ ಎಳ್ಕೊಳುತ್ತೆ. 14:1 ಆದ್ರೆ 1.3 ಚಿಲ್ಲರೆ. ಅಷ್ಟೇ ವ್ಯತ್ಯಾಸ. ನಂಬರ್ ಜಾಸ್ತಿ ಇದ್ರೆ ಸೂಕ್ಷ್ಮವಾಗಿ ಸರಿ ಮಾಡೋದು ಸುಲಭ, ನಿಲ್ಲೋದಕ್ಕೂ ನಂಬರ್‌ಗೂ ಸಂಬಂಧ ಇಲ್ಲ. ಸಂದು ಇರೋ 18:1 ಗಿಂತ ಸಂದಿಲ್ಲದ 14:1 ಎಷ್ಟೋ ವಾಸಿ.

ಇನ್ನೊಂದು ಮಜಾ ಇದೆ. ಅದೇ ಒಂದು ಮಿ.ಮೀ ಎಳೆದಾಗ ದಪ್ಪ ಇ ತಂತಿ ಶ್ರುತಿ ಸಿಕ್ಕಾಪಟ್ಟೆ ಹಾರುತ್ತೆ, ಸಣ್ಣ ಇ ತಂತಿ ಅಷ್ಟು ಹಾರಲ್ಲ. ಸಣ್ಣ ತಂತಿ ಶ್ರುತಿಗೆ ಬರೋಷ್ಟರಲ್ಲಿ ಸಾಕಷ್ಟು ಹಿಗ್ಗಿರುತ್ತೆ, ಹಂಗಾಗಿ ಇನ್ನೊಂದು ಮಿ.ಮೀ ಅದಕ್ಕೆ ದೊಡ್ಡದಲ್ಲ. ದಪ್ಪ ತಂತಿ ಒಳಗಿನ ಉಕ್ಕು ದಪ್ಪ, ಅದು ಹಿಗ್ಗೋದೇ ಸ್ವಲ್ಪ, ಅದಕ್ಕೆ ಒಂದು ಮಿ.ಮೀ ಭಾರೀ ಆಯ್ತು. ಗ್ರಾಫ್ ಟೆಕ್ ಅನ್ನೋ ಕಂಪನಿ ಇದನ್ನೇ ಹಿಡ್ಕೊಂಡು ರೇಶಿಯೋ ಅಂತ ಒಂದು ಸೆಟ್ ಮಾಡಿದೆ, ದಪ್ಪ ಇ ಗೆ 39:1, ಸಣ್ಣ ಇ ಗೆ 12:1, ಒಂದೊಂದು ತಂತಿಗೂ ಬೇರೆ. ಲೆಕ್ಕ ಒಪ್ಪಿದೆ, ಆದ್ರೆ ದಪ್ಪ ತಂತಿ ಬದಲಾಯಿಸೋವಾಗ ಬಟನ್ ತಿರುಗಿಸಿ ತಿರುಗಿಸಿ ಕೈ ಬಿದ್ದೋಗುತ್ತೆ.

ವೀಣೆಮನೆ:

ಬೇರೆ ಕಡೆಯಿಂದ ಒಂದು ಮಾತು. ನಮ್ಮ ಮನೇಲಿ ವೀಣೆ, ಗಿಟಾರ್ ಅಲ್ಲ. ವೀಣೆ ಬಿರಡೆಗೆ ಗೇರೇ ಇಲ್ಲ, ಮರ ಮರದ ಜೊತೆ ಹಿಡ್ಕೊಂಡಿರೋದು, ಜಾರಿದ್ರೆ ಸೀಮೆಸುಣ್ಣದ ಪುಡಿ. ಬಿರಡೆಲಿ ಹತ್ತಿರಕ್ಕೆ ತಂದು, ಉಳಿದ ಸಣ್ಣ ಶ್ರುತಿ ನಾಗಪಾಶದ ಹತ್ರ ಇರೋ ಮಣಿ ಜರುಗಿಸಿ ಸರಿ ಮಾಡ್ತೀವಿ. ಈಗೀಗ ಬಹಳ ಜನ ವೀಣೆಗೂ ಗಿಟಾರ್ ಕೀ ಹಾಕಿಸ್ಕೊಳ್ತಾರೆ, ಮಕ್ಕಳಿಗೆ ಬಿರಡೆ ತಿರುಗಿಸೋಕೆ ಕೈ ಬಲ ಸಾಲಲ್ಲ ಅಂತ. ತಪ್ಪು ಅಂತ ಹೇಳಲ್ಲ. ಆದ್ರೆ ನಾನು ನೋಡಿದಂಗೆ ಕೀ ಹಾಕಿದ ತಕ್ಷಣ ಶ್ರುತಿ ಸಮಸ್ಯೆ ಹೋಗಲ್ಲ, ಮಳೆ ಹಿಡಿದ್ರೆ ಹಲಗೆ ಉಬ್ಬುತ್ತೆ, ಮಾರ್ಚ್ ಏಪ್ರಿಲ್‌ನಲ್ಲಿ ಕುಗ್ಗುತ್ತೆ, ಅದಕ್ಕೆ ತಕ್ಕಂಗೆ ಶ್ರುತಿ ಏರುತ್ತೆ ಇಳಿಯುತ್ತೆ. ನಿಮ್ಮ ಗಿಟಾರ್‌ಗೂ ಅಷ್ಟೇ. ಹೊಸ ವಾದ್ಯ, ಮೊದಲ ಒಂದು ಮಳೆಗಾಲ ಒಂದು ಬೇಸಿಗೆ ಕಳೀಲಿ, ಅಲ್ಲಿವರೆಗೂ ಕೀನ ಬೈಬೇಡಿ. ಪೆಟ್ಟಿಗೆಲಿ ಇಟ್ಟು ತೇವ 45-55 ಪರ್ಸೆಂಟ್ ಒಳಗೆ ಇರೋ ಹಂಗೆ ನೋಡ್ಕೊಳ್ಳಿ, ಅದಕ್ಕೆ ಸಣ್ಣ ಮೀಟರ್ ಸಿಗುತ್ತೆ.

ಓಪನ್ ಗೇರ್ ಹಗುರ ಅಂತ ಸರಸ್ವತಿಪುರಂ ಅಕ್ಕ ಹೇಳಿದ್ರು, ಒಪ್ತೀನಿ. ಆದ್ರೆ ಮರದ ಕೆಲಸ ನಡೆಯೋ ಮನೇಲಿ ಗಿಟಾರ್ ಇಡ್ತೀರ ಅಂದ್ರೆ ಯೋಚ್ನೆ ಮಾಡಿ. ಬೀಟೆ ಧೂಳು ಎಷ್ಟು ನಯ ಅಂತ ಇನ್‌ಲೇ ಕೆಲಸದವರಿಗೆ ನಾನು ಹೇಳ್ಬೇಕಾ? ಎಣ್ಣೆ ಮೇಲೆ ಅದು ಕೂತು ಗೇರ್ ಹಲ್ಲಲ್ಲಿ ಕಪ್ಪು ಅಂಟು ಆಗುತ್ತೆ.

ಸರಸ್ವತಿಪುರಂ_ತಂತಿ:

ಧೂಳಿನ ಮಾತು ಸರಿ, ಆದ್ರೆ ಓಪನ್ ಗೇರ್‌ಗೆ ಅಷ್ಟು ಹೆದರೋದೂ ಬೇಡ. ತಂತಿ ಬದಲಾಯಿಸೋವಾಗ ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ಒರೆಸಿ, ಹಲ್ಲಿನ ಮೇಲೆ ಒಂದು ಹನಿ ತೆಳು ಎಣ್ಣೆ, ಮುಗೀತು. ಜಾಸ್ತಿ ಎಣ್ಣೆ ಹಾಕಿದ್ರೆ ಮಾತ್ರ ಅದು ಮರಕ್ಕೆ ಇಳಿದು ಪಾಲಿಶ್ ಹಾಳು. ಮುಚ್ಚಿರೋದ್ರಲ್ಲಿ ಗ್ರೀಸ್ ಒಳಗೇ ತುಂಬಿರ್ತಾರೆ, ಅದನ್ನ ಬಿಚ್ಚೋಕೆ ಹೋಗ್ಬೇಡಿ.

ಲೇತ್ ಸರ್ ಸಂದಿನ ವಿಷ್ಯ ಹೇಳಿದ್ದು ನೂರಕ್ಕೆ ನೂರು. ಅಂಗಡಿಲಿ ಕೀ ಕೈಗೆ ಸಿಕ್ಕಿದ್ರೆ ಕಂಬದ ತುದಿ ಹಿಡ್ದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಆಮೇಲೆ ಬಟನ್‌ನ ಒಂದು ಕಡೆಗೆ ತಿರುಗಿಸಿ ನಿಲ್ಸಿ, ಇನ್ನೊಂದು ಕಡೆಗೆ ತಿರುಗಿಸಿ, ಕಂಬದ ತೂತಿನ ಮೇಲೆ ಕಣ್ಣಿಟ್ಟಿರಿ. ಬಟನ್ ಹೋದ ತಕ್ಷಣ ತೂತು ಅಲ್ಲಾಡ್ಬೇಕು. ಒಂದು ಸೆಟ್‌ನಲ್ಲಿ ಆರೂ ನೋಡಿ, ಒಂದು ನೋಡಿ ಬಿಡ್ಬೇಡಿ.

ಲಾಕಿಂಗ್ ಕೇಳಿದ್ರಿ. ಬೇಡ. ಅದು ಟ್ರೆಮೊಲೊ, ಅಂದ್ರೆ ಸ್ವರ ಅಲುಗಿಸೋ ಸನ್ನೆ, ಇರೋ ಎಲೆಕ್ಟ್ರಿಕ್‌ಗೆ ಉಪಯೋಗ, ಕಂಬದ ಮೇಲೆ ಸುತ್ತೇ ಇರಲ್ಲ, ಬೇಗ ತಂತಿ ಬದಲಾಯಿಸ್ಬಹುದು. ನಿಮಗೆ ತೂಕ ಜಾಸ್ತಿ ಆಗೋದು ಬಿಟ್ರೆ ಏನೂ ಸಿಗಲ್ಲ. ದಪ್ಪ ತಂತಿಗೆ ಎರಡು ಸುತ್ತು, ಸಣ್ಣದಕ್ಕೆ ಮೂರು, ಒಂದರ ಕೆಳಗೆ ಒಂದು ಬರೋ ಹಂಗೆ ಸುತ್ತಿದ್ರೆ ಸಾಕು.

ಬೀಟೆಹಲಗೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ದಪ್ಪದ ವಿಷ್ಯ ಮಾವಂಗೆ ಹೇಳ್ದೆ, ಹಿಂದಿಂದ ಎರಡು ಮಿ.ಮೀ ತೆಗೆಯೋಕೆ ಒಪ್ಪಿದಾರೆ, ಮುಖ ಮುಟ್ಟಲ್ಲ ಅಂದ್ಮೇಲೆ ಅವ್ರಿಗೂ ಸಮಾಧಾನ. ಗೋಟೋ 510 ಮಿನಿ ಅಂತ ಹತ್ರ ಹತ್ರ ನಿರ್ಧಾರ ಆಗಿದೆ.

ಇನ್ನೂ ಮೂರು ಪ್ರಶ್ನೆ ಉಳ್ಕೊಂಡಿವೆ. ಒಂದು, ಆನ್‌ಲೈನ್‌ನಲ್ಲಿ ಗ್ರೋವರ್ ಅಂತ ಬರೆದಿರೋ ಸೆಟ್ ಸಾವಿರದ ಆಸುಪಾಸಿಗೆ ಕಾಣ್ತಿದೆ, ಅದೇ ಇನ್ನೊಂದು ಕಡೆ ಐದಾರು ಪಟ್ಟು, ಯಾಕೆ ಹಿಂಗೆ? ಎರಡು, ಕೀ ಜೊತೆ ಬರೋ ಲೋಹದ ಬಟನ್ ತೆಗೆದು ಮಾವ ಬೀಟೆಯಲ್ಲೇ ಬಟನ್ ಮಾಡ್ತೀನಿ ಅಂತಿದಾರೆ, ಆಗುತ್ತಾ? ಮೂರು, ನನ್ನ ತಂಗಿ ಜರ್ಮನಿಲಿ ಇರೋದು, ಮುಂದೆ ಈ ಗಿಟಾರ್ ಅವಳಿಗೆ, ಬೀಟೆ ಅಂದ್ರೆ ಏರ್‌ಪೋರ್ಟಲ್ಲಿ ಏನೋ ತಕರಾರು ಅಂತ ಕೇಳಿದೀನಿ.

ಮಂಡ್ಯ_ಸ್ಟ್ರಮ್:

ಮೊದಲ್ನೇದ್ಕೆ ನಾನೇ ಹೇಳ್ತೀನಿ ಬುಡಣ್ಣ. ಅದು ನಕಲಿ. ಗ್ರೋವರ್ ಅಂತ ಅಚ್ಚು ಹಾಕಿರೋ ನಕಲಿ ಮಾಲು ಇಂಟರ್ನೆಟ್ ತುಂಬಾ ಐತೆ, ಎದ್ರಿಗೆ ಇಟ್ರೆ ಅಚ್ಚು ಸುದ್ದಾ ಹಂಗೇ ಕಾಣ್ತದೆ. ನನ್ನ ಫ್ರೆಂಡೊಬ್ಬ ಹಾಕ್ಸಿದ್ದ, ಒಂದು ಮಳೆಗಾಲ ಕಳೆಯೋ ಅಷ್ಟೊತ್ತಿಗೆ ಮೇಲಿನ ಪಾಲಿಶು ಗುಳ್ಳೆ ಎದ್ದು ಬೆರಳಿಗೆ ಹತ್ತೋದು. ಹೆಸರಿಲ್ದಿರೋ ಕೀನೇ ತಗಳಿ, ಅದು ಸುಳ್ಳಾದ್ರೂ ಹೇಳಲ್ಲ.

ನಟ್ ಮಾತು ಮರೀಬ್ಯಾಡಿ ಆಮೇಲೆ.

ಸರಸ್ವತಿಪುರಂ_ತಂತಿ:

ಮಂಡ್ಯದವರು ಸರಿಯಾಗಿ ಹೇಳಿದ್ರು. ಬೆಲೆ ನಂಬೋಕಾಗ್ದಷ್ಟು ಕಮ್ಮಿ ಇದ್ರೆ ನಂಬ್ಬೇಡಿ, ಹೆಸರಾಂತ ವಾದ್ಯದ ಅಂಗಡಿಯಿಂದ ಬಿಲ್ ಸಮೇತ ತಗೊಳ್ಳಿ. ಅಸಲಿ ರೋಟೋಮ್ಯಾಟಿಕ್ 14:1 ಮತ್ತೆ 18:1 ಎರಡೂ ಬರುತ್ತೆ, ಒಳ್ಳೆ ಕೀನೇ, ನನಗೆ ತೂಕ ಒಂದೇ ಆಗಲ್ಲ.

ಜರ್ಮನಿ ವಿಷ್ಯ. 2017ರ ಜನವರಿಯಿಂದ ಬೀಟೆ ಜಾತಿ ಮರಗಳೆಲ್ಲ ಸೈಟಿಸ್, ಅಂದ್ರೆ ಅಪಾಯದಲ್ಲಿರೋ ಜೀವಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಬಂದು ಗಿಟಾರ್ ಕಂಪನಿಗಳೆಲ್ಲ ಒದ್ದಾಡಿದ್ವು, ಆಮೇಲೆ 2019ರಲ್ಲಿ ಪೂರ್ತಿ ತಯಾರಾದ ವಾದ್ಯ ಮತ್ತೆ ವಾದ್ಯದ ಬಿಡಿಭಾಗಗಳಿಗೆ ಅದ್ರಿಂದ ವಿನಾಯಿತಿ ಕೊಟ್ರು. ಬ್ರೆಜಿಲ್ ಬೀಟೆಗೆ ಆ ವಿನಾಯಿತಿ ಇಲ್ಲ, ನಿಮ್ಮದು ನಮ್ಮೂರ ಬೀಟೆ. ಹಲಗೆಯಾಗಿ ಕಳ್ಸೋಕೆ ಹೋಗ್ಬೇಡಿ, ಅದು ಬೇರೆ ಕತೆ. ಮರ ತಗೊಂಡ ಬಿಲ್ ಇದ್ರೆ ಗಿಟಾರ್ ಪೆಟ್ಟಿಗೆಲಿ ಇಟ್ಟಿರಿ. ಅಂದಹಾಗೆ ಅಮೆರಿಕದ ಮಾರ್ಟಿನ್ ಕಂಪನಿ ಕೂಡ 1969ರ ಆಸುಪಾಸಿಂದ ಬ್ರೆಜಿಲ್ ಬೀಟೆ ಬಿಟ್ಟು ನಮ್ಮ ಬೀಟೆಗೆ ಬಂದಿದ್ದು, ಮಾವಂಗೆ ಹೇಳಿ ಖುಷಿ ಆಗ್ತಾರೆ.

ತೂತು ಹೊಡೆಯೋದು ಹೇಗೆ ಅಂತ ನೀವು ಕೇಳ್ಲಿಲ್ಲ, ನಾನೇ ಹೇಳ್ತೀನಿ, ಇಲ್ಲೇ ಎಲ್ಲಾ ಕೆಡೋದು. ಮುಖದ ಕಡೆಯಿಂದ ಶುರು ಮಾಡಿ, ನಡುವೆ ಮೊಳೆ ಥರ ಚೂಪು ಇರೋ ಮರದ ಬಿಟ್ ತಗೊಳ್ಳಿ, ಮಾಮೂಲಿ ಕಬ್ಬಿಣದ ಬಿಟ್ ಬೀಟೆ ಮೇಲೆ ಓಡಿ ಅಂಚು ಸೀಳುತ್ತೆ. ಹಿಂದೆ ಒಂದು ಚೂರು ಮರ ಬಿಗಿಯಾಗಿ ಕ್ಲಾಂಪ್ ಮಾಡಿ, ಇಲ್ದಿದ್ರೆ ಬಿಟ್ ಆಚೆ ಬರೋವಾಗ ಮಹಾಗನಿ ಚಕ್ಕೆ ಎದ್ದೋಗುತ್ತೆ. ಡ್ರಿಲ್ ಸ್ಟ್ಯಾಂಡ್ ಮೇಲೇ ಮಾಡಿ, ಕೈಯಲ್ಲಿ ಬೇಡ, ತೂತು ಸ್ವಲ್ಪ ಓರೆ ಆದ್ರೂ ಮುಖದ ಕಡೆ ವಾಷರ್ ಒಂದು ಅಂಚಲ್ಲಿ ಎದ್ದಿರುತ್ತೆ, ಅದು ಮೇಲೆ ಹಾಕಿರೋ ಪಾಲಿಶ್‌ನ ಒತ್ತಿ ಸೀಳುತ್ತೆ. ಪಾಲಿಶ್ ಆದ್ಮೇಲೆ ತೂತಿನ ಒಳಗೆ ಸೇರಿರೋ ಪಾಲಿಶ್ ಪದರನ ತೂತು ಕೆರೆಯೋ ರೀಮರ್‌ನಲ್ಲಿ ತೆಗೀರಿ, ಬುಶ್‌ನ ಬಲ ಹಾಕಿ ತಳ್ಳಬಾರ್ದು.

ಇನ್ನು ಹಿಂದಿನ ಸಣ್ಣ ಸ್ಕ್ರೂ. ಅದಂತೂ ಬೆಂಕಿಪೊಟ್ಟಣದ ಕಡ್ಡಿಗಿಂತ ಸಣ್ಣ, ಗಟ್ಟಿ ಮರದಲ್ಲಿ ತಿರುಗಿಸ್ತಿದ್ದಂಗೆ ತಲೆ ಕಳಚಿ ಕೈಗೆ ಬರುತ್ತೆ, ದಂಡ ಮರದ ಒಳಗೇ. ಮಹಾಗನಿ ಮೆತ್ತಗಿದ್ರೂ ಮೊದಲೇ ಸಣ್ಣ ತೂತು ಹೊಡ್ದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಂದ್ಸಲ ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಅಸಲಿ ಸ್ಕ್ರೂಗೆ ಮೇಣ ಸವರಿ ಹಾಕಿ. ವಿದ್ಯುತ್ ಸ್ಕ್ರೂ ಡ್ರೈವರ್ ಮನೆಯಲ್ಲೇ ಬಿಟ್ಬಿಡಿ.

ಬಟನ್ ವಿಷ್ಯ ಲೇತ್ ಸರ್ ಹೇಳ್ಲಿ.

ಲೇತ್_ಹೆಬ್ಬಾಳ:

ಬಟನ್ ಆಗುತ್ತೆ, ಆಗ್ದೇ ಏನು. ಗೋಟೋದಲ್ಲಿ ಬಟನ್ ತುದಿಯ ಸ್ಕ್ರೂ ಬಿಚ್ಚಿದ್ರೆ ಕಳಚಿ ಬರುತ್ತೆ. ಕಷ್ಟ ಇರೋದು ಒಳಗಿನ ತೂತಲ್ಲಿ, ದಂಡದ ತುದಿ ಪೂರ್ತಿ ದುಂಡಗಿಲ್ಲ, ಎರಡು ಕಡೆ ಚಪ್ಪಟೆ ಮಾಡಿರ್ತಾರೆ ಬಟನ್ ಸುಮ್ನೆ ತಿರುಗಬಾರ್ದು ಅಂತ. ದುಂಡು ತೂತು ಹೊಡೆದ್ರೆ ಕೆಲಸಕ್ಕೆ ಬರಲ್ಲ. ವರ್ನಿಯರ್‌ನಲ್ಲಿ ಚಪ್ಪಟೆ ಜಾಗ ಅಳೆದು, ಅದಕ್ಕಿಂತ ಸ್ವಲ್ಪ ಸಣ್ಣ ತೂತು ಹೊಡ್ದು ಸೂಜಿ ಅರದಲ್ಲಿ ತೀಡ್ಬೇಕು, ನಿಮ್ಮ ಮಾವ ಇನ್‌ಲೇಗೆ ದಿನಾ ಅದನ್ನೇ ಮಾಡ್ತಾರಲ್ಲ, ಅವ್ರಿಗೆ ಹೇಳಿಕೊಡ್ಬೇಕಾಗಿಲ್ಲ. ಬೇಕಾದ್ರೆ ನಾನು ಆ ಆಕಾರಕ್ಕೆ ಒಂದು ಸಣ್ಣ ಹಿತ್ತಾಳೆ ಬುಶ್ ಮಾಡ್ಕೊಡ್ತೀನಿ, ಅದನ್ನ ಬೀಟೆ ಬಟನ್ ಒಳಗೆ ಎಪಾಕ್ಸಿ ಹಾಕಿ ಕೂರಿಸಿದ್ರೆ ಮರ ಸವೆಯೋ ಪ್ರಶ್ನೇನೇ ಇಲ್ಲ.

ನಾರು ಎಳೆ ಯಾವ ಕಡೆ ಓಡುತ್ತೆ ಅಂತ ನೋಡ್ಕೊಳ್ಳಿ, ದಂಡದ ಉದ್ದಕ್ಕೇ ಇರ್ಲಿ, ಅಡ್ಡ ಇದ್ರೆ ಬೆರಳಲ್ಲಿ ಜೋರಾಗಿ ತಿರುಗಿಸಿದಾಗ ಬುಡದಲ್ಲಿ ಮುರಿಯುತ್ತೆ. ಬೀಟೆ ಬಟನ್ ಲೋಹದ್ದಕ್ಕಿಂತ ಹಗುರ, ಅಕ್ಕ ಹೇಳಿದ ತಲೆಭಾರದ ವಿಷ್ಯಕ್ಕೂ ಒಳ್ಳೇದು.

ಬೀಟೆಹಲಗೆ:

ಸರ್ ಹಿತ್ತಾಳೆ ಬುಶ್ ಮಾಡ್ಕೊಟ್ರೆ ತುಂಬಾ ಉಪಕಾರ ಆಗುತ್ತೆ, ಕೀ ಬಂದ್ಮೇಲೆ ಒಂದು ತಗೊಂಡು ಬಂದು ತೋರಿಸ್ತೀನಿ. ಕೀ ಇವತ್ತು ಆರ್ಡರ್ ಮಾಡ್ತಿದೀನಿ, 510 ಮಿನಿ. ನಿಕಲ್ ಅಥ್ವಾ ಕ್ರೋಮ್, ಯಾವುದು ವಾಸಿ?

ವೀಣೆಮನೆ:

ಕ್ರೋಮ್ ಹೊಳಪು ಹಂಗೇ ಇರುತ್ತೆ. ನಿಕಲ್ ಬೆವರಿಗೆ ಬೇಗ ಮಂಕಾಗುತ್ತೆ, ಬೀಟೆ ಪಕ್ಕ ಆ ಮಂಕೇ ಚೆಂದ ಅಂತ ನನ್ನ ಅಭಿಪ್ರಾಯ. ಚಿನ್ನದ ಬಣ್ಣ ಮಾತ್ರ ಬೇಡ, ಬೆರಳು ತಾಕೋ ಕಡೆ ಸವೆದು ತೇಪೆ ತೇಪೆ ಆಗುತ್ತೆ.

ಲೇತ್_ಹೆಬ್ಬಾಳ:

ಬುಶ್‌ಗೆ ಒಂದು ಕೀ ಸಾಕು, ಆರೂ ತರ್ಬೇಡಿ, ಬಟನ್ ತುದಿಯ ಸ್ಕ್ರೂ ಮಾತ್ರ ಕಳ್ಕೊಬೇಡಿ, ಅದು ಇಲ್ಲಿ ಸಿಗೋ ಸ್ಕ್ರೂ ಅಲ್ಲ. ಮರದ ಬಟನ್ ಕೂರಿಸೋವಾಗ ಆ ಸ್ಕ್ರೂ ಎಷ್ಟು ಬಿಗಿ ಮಾಡ್ತೀರೋ ಬಟನ್ ತಿರುಗೋದೂ ಅಷ್ಟು ಬಿಗಿ ಆಗುತ್ತೆ, ಸ್ವಲ್ಪ ಸ್ವಲ್ಪ ಬಿಗಿ ಮಾಡಿ ಆರೂ ಒಂದೇ ಹದಕ್ಕೆ ತನ್ನಿ. ಮರದ ಮೇಲೆ ಸ್ಕ್ರೂ ತಲೆ ನೇರ ಕೂರೋದು ಬೇಡ, ಮಧ್ಯೆ ಸಣ್ಣ ವಾಷರ್ ಇರ್ಲಿ. ಭಾನುವಾರ ಬಿಟ್ಟು ಯಾವತ್ತಾದ್ರೂ ಬೆಳಿಗ್ಗೆ ಬನ್ನಿ.